ನ್ಯಾರಿ ಹೊತ್ತಿನ ಗುಳಿಗೆ

ದ್ರೌಪದಿ ಮಾವಶಿ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಹದಿನೆಂಟು ದಿನವಾಗಿತ್ತು. ನಮ್ಮ ಕಡೆ ಮಾವಶಿ ಎಂದರೆ ಚಿಕ್ಕಮ್ಮ. ಕಾರಣ ಬರೆಯಲು ನನ್ನ ಫಾರ್ಮಿನಲ್ಲಿದ್ದದ್ದು ನಾಲ್ಕೇ ಚೌಕ: ಮರೆವು, ಖರ್ಚು, ಭಯ, ನಿರ್ಲಕ್ಷ್ಯ. ಅಂಕಲಿಯ ಅರವತ್ತು ಮನೆಗಳಲ್ಲಿ ಯಾರು ಗುಳಿಗೆ ತಪ್ಪದೆ ನುಂಗುತ್ತಾರೆ, ಯಾರು ತಪ್ಪಿಸುತ್ತಾರೆ ಎಂದು ಕೇಳಿ ಬರೆದುಕೊಡುವುದು ನನ್ನ ಕೆಲಸ. ಒಂದು ಕಾಲೇಜಿನವರ ಅಧ್ಯಯನ ಅದು.

"ಮರ್ತೀರೇನ್ ಮಾವಶಿ?"

"ನಾ ಯಾಕ ಮರೀಲಿ? ನಿನ್ನ ಮದವ್ಯಾಗ ಯಾರ್ಯಾರು ಎಷ್ಟ ಹೋಳಿಗಿ ತಿಂದಾರ, ಅದೂ ನೆನಪೈತಿ ಕಾಂಚನ."

"ರೊಕ್ಕದ ತ್ರಾಸೇನು?"

"ಸರ್ಕಾರಿ ದವಾಖಾನ್ಯಾಗ ಪುಕ್ಕಟ ಕೊಡ್ತಾರಲ್ಲ."

"ಗುಳಿಗಿ ಅಂದ್ರ ಅಂಜಿಕಿ?"

"ಗುಳಿಗಿಗೆ ಅಂಜಿಲ್ಲವಾ. ಮಾಯಾಗ ಅಂಜೀನಿ."

ಮಾಯಾ ಎಂದರೆ ಕಬ್ಬಿನ ಕಸ ತೆಗೆಯುವ ಹೆಂಗಸರ ಗುಂಪಿನ ಮುಂದಾಳು. ಮಾವಶಿ ಎರಡು ಸಲ ಕಬ್ಬಿನ ಸಾಲಿನಲ್ಲೇ ಬಿದ್ದಿದ್ದಳು. ಮೈ ಬೆವರಿ, ಕೈ ನಡುಗಿ, ಕಣ್ಣಿಗೆ ಕತ್ತಲು ಬಂದಿತ್ತಂತೆ. ಮೂರನೇ ಸಲ ಬಿದ್ದರೆ ಕೆಲಸಕ್ಕೆ ಹೋಗುವ ಟಂಟಂ ಗಾಡಿ ಹತ್ತಿಸುವುದಿಲ್ಲ ಎಂದು ಮಾಯಾ ಎಲ್ಲರೆದುರೇ ಹೇಳಿದ್ದಳು. ಗುಳಿಗೆ ತೆಗೆದುಕೊಂಡ ದಿನವೇ ಬೀಳುವುದನ್ನು ಮಾವಶಿ ತಾನೇ ಪತ್ತೆ ಹಚ್ಚಿದ್ದಳು.

"ಬಿಟ್ಟ ಮ್ಯಾಲ ಒಮ್ಮೆನೂ ಬಿದ್ದಿಲ್ಲ. ಶಾಣ್ಯಾಕಿ ಹೌದಲ್ಲ ನಾ?"

ಶಾಣ್ಯಾಕಿ ಹೌದು. ಆದರೆ ಕಬ್ಬಿನ ಕೂಳೆ ಚುಚ್ಚಿದ ಪಾದದ ಗಾಯ ಮೂರು ವಾರವಾದರೂ ಮಾಯ್ದಿರಲಿಲ್ಲ. ಗುಳಿಗೆ ನುಂಗಿದರೆ ಕೂಲಿ ಹೋಗುತ್ತದೆ, ಬಿಟ್ಟರೆ ಕಾಲೇ ಹೋಗಬಹುದು.

ಅಧ್ಯಯನ ನೋಡಿಕೊಳ್ಳುವ ವಿಶ್ವಾಸ ಸರ್‌ಗೆ ಫೋನ್ ಮಾಡಿದೆ.

"ನಿರ್ಲಕ್ಷ್ಯಕ್ಕ ಟಿಕ್ ಹಾಕಿ ಮುಂದಿನ ಮನಿ ನೋಡ್ರಿ. ಈ ವಾರ ಅರವತ್ತೂ ಮುಗೀಬೇಕು," ಎಂದರು.

ನಾಲ್ಕಕ್ಕೆ ಎದ್ದು ಐದು ಜನಕ್ಕೆ ರೊಟ್ಟಿ ಬಡಿಯುವವಳ ಹೆಸರಿನ ಮುಂದೆ ಆ ಟಿಕ್ ಹಾಕಲು ಕೈ ಬರಲಿಲ್ಲ. ಮರುದಿನ ಮಕ್ಕಳ ಡಬ್ಬಿ ಕಟ್ಟಿಟ್ಟು ನಾನೂ ಟಂಟಂ ಹತ್ತಿದೆ.

ಹೊಲದಲ್ಲಿ ಎಲ್ಲವೂ ಕಣ್ಣಿಗೆ ಕಂಡಿತು. ಗುಳಿಗೆ ಚೀಟಿಯಲ್ಲಿ 'ಬೆಳಿಗ್ಗೆ, ಊಟಕ್ಕೆ ಮುಂಚೆ' ಎಂದಿತ್ತು. ಮಾವಶಿ ಆರಕ್ಕೆ ಬರೀ ಚಹಾದ ಮೇಲೆ ನುಂಗುತ್ತಿದ್ದಳು. ಊಟ ಆಗುತ್ತಿದ್ದದ್ದು ಹನ್ನೊಂದಕ್ಕೆ. ಅವರು ಅದಕ್ಕೆ ನ್ಯಾರಿ ಎನ್ನುತ್ತಾರೆ. ಎಲ್ಲರ ಸಾಲೂ ಬದುವಿಗೆ ಬಂದು ಮುಟ್ಟುವ ತನಕ ಯಾರೂ ರೊಟ್ಟಿ ಗಂಟು ಬಿಚ್ಚುವಂತಿಲ್ಲ, ಒಬ್ಬರೇ ತಿನ್ನುವಂತಿಲ್ಲ. ಐದು ತಾಸು ಖಾಲಿ ಹೊಟ್ಟೆಯಲ್ಲಿ ಗುಳಿಗೆ ತನ್ನ ಕೆಲಸ ಮಾಡುತ್ತಿತ್ತು, ಮಾವಶಿ ತನ್ನದು.

ಸಂಜೆಯೇ ಅವಳನ್ನು ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ಪೂರ್ತಿ ಕೇಳಿಕೊಂಡರು, ಗಾಯ ತೊಳೆದು ಪಟ್ಟಿ ಕಟ್ಟಿದರು, ರಕ್ತ ಪರೀಕ್ಷೆಯಾದ ಮೇಲೆ ಹೇಳಿದರು: "ಗುಳಿಗಿ ಅದs ಇರಲಿ, ಹೊತ್ತು ಬ್ಯಾರೆ ಮಾಡೋಣು. ನ್ಯಾರಿ ಗಂಟು ಬಿಚ್ಚಿದಾಗ, ಮೊದಲ ತುತ್ತಿನ ಜೋಡಿ. ಸೆರಗಿನ್ಯಾಗ ಒಂದ್ ತುಣುಕು ಬೆಲ್ಲ ಇರಲಿ."

ಹೊಸ ಹೊತ್ತಿನ ಮೊದಲ ದಿನ ನಾನೂ ಬದುವಿನ ಮೇಲೆ ಕೂತಿದ್ದೆ. ಒಬ್ಬಳ ಚಟ್ನಿ ಇನ್ನೊಬ್ಬಳ ರೊಟ್ಟಿಗೆ, ಅವಳ ಪಲ್ಯ ಮತ್ತೊಬ್ಬಳಿಗೆ ಹೋಗುತ್ತಿತ್ತು. ಮಾವಶಿ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡಳು. ಮಾಯಾ ಕೈ ಚಾಚಿದಳು.

"ನಂಗೂ ಒಂದ್ ಕೊಡಬೇ. ನಂಗೂ ಚಕ್ಕರ ಬಂದು ತಲಿ ತಿರಗತೈತಿ."

ಮಾವಶಿ ಗುಳಿಗೆ ಹಾಳೆಯಿಂದ ಇನ್ನೊಂದನ್ನು ಬಿಡಿಸಿ ಅವಳ ಅಂಗೈಗೆ ಹಾಕಿಯೇಬಿಟ್ಟಳು, ಉಳ್ಳಾಗಡ್ಡಿ ಚೂರು ಹಾಕಿದ ಹಾಗೆ.

"ತಡೀರಿ!" ನಾನು ಎದ್ದು ಮಾಯಾಳ ಮುಷ್ಟಿ ಹಿಡಿದೆ. "ಚಟ್ನಿ ಹಂಚ್ರಿ, ಇದನ್ನ ಹಂಚಬ್ಯಾಡ್ರಿ. ಇದು ಮಾವಶಿ ರಕ್ತ ನೋಡಿ ಕೊಟ್ಟಿದ್ದು. ನಿಮಗ ಸಕ್ಕರಿ ಇಲ್ಲದಿದ್ರ ನೀವs ಬೀಳ್ತೀರಿ."

"ಹಂಗಾರ ನನ್ನ ರಕ್ತಾನೂ ನೋಡಸು."

"ಸೋಮವಾರ ಬರ್ರಿ, ಕರಕೊಂಡ ಹೋಗ್ತೀನಿ."

"ಇಷ್ಟ ವರ್ಷದಾಗ ಇದೊಂದs ನೋಡ ನಂದು ಅನ್ನೂದು," ಎಂದು ಮಾವಶಿ ನಕ್ಕಳು. ಗುಂಪಿಗೆ ಗುಂಪೇ ನಕ್ಕಿತು.

ಮಾವಶಿಯ ಫಾರ್ಮಿನ ಚೌಕಗಳನ್ನು ಖಾಲಿ ಬಿಟ್ಟು ಅಂಚಿನಲ್ಲಿ ಇಷ್ಟನ್ನೂ ಬರೆದು ಕಳಿಸಿದೆ. ಸರ್ ಫೋನ್ ಬಂತು.

"ಚೌಕದ ಹೊರಗ ಬರದ್ರ ಕಂಪ್ಯೂಟರ್ ತಗೊಳ್ಳೂದಿಲ್ರಿ."

"ಹಂಗಾರ ಅದನ್ನೂ ಟಂಟಂ ಹತ್ತಿಸಿ ಕಳಸ್ರಿ ಸರ್."

ಕಂಪ್ಯೂಟರ್ ಬರಲಿಲ್ಲ, ಸರ್ ಬಂದರು. ಎರಡು ವಾರದ ನಂತರ, ಹನ್ನೊಂದಕ್ಕೆ ಸರಿಯಾಗಿ. ಇಸ್ತ್ರಿ ಪ್ಯಾಂಟಿನಲ್ಲೇ ಬದುವಿನ ಮೇಲೆ ಕೂತು ರೊಟ್ಟಿ ತಿಂದರು, ಖಾರಕ್ಕೆ ಕಣ್ಣೀರು ಹಾಕಿದರು. ಆಮೇಲೆ ಫಾರ್ಮಿನ ತುದಿಗೆ ಹೊಸ ಪ್ರಶ್ನೆ ಬರೆದರು: ದಿನದ ಮೊದಲ ಊಟ ಎಷ್ಟು ಗಂಟೆಗೆ? ನಿರ್ಲಕ್ಷ್ಯ ಎಂದು ಟಿಕ್ ಬಿದ್ದಿದ್ದ ಹನ್ನೊಂದು ಮನೆಗಳನ್ನು ಮತ್ತೆ ಕೇಳಬೇಕು ಎಂದರು. ಕೆಲಸ ಹೆಚ್ಚಾಯಿತು, ಆದರೂ ನನಗೆ ಬೇಸರವಾಗಲಿಲ್ಲ.

ಮಾವಶಿಯನ್ನೇ ಮೊದಲು ಕೇಳೋಣವೆಂದು ಸರ್ ಪೆನ್ನು ತೆಗೆದರು. ಗಾಯದ ಅಂಚು ಕೂಡಿಕೊಂಡಿದ್ದ ಪಾದಕ್ಕೆ ಚಪ್ಪಲಿ ಏರಿಸಿ ಅವಳು ಆಗಲೇ ಎದ್ದು ನಿಂತಿದ್ದಳು.

"ನೀ ಬದುವಿನ ಕಡೀ ಸಾಲ ಹಿಡಿಬೇ, ನೆರಳ ಐತಿ," ಎಂದಳು ಮಾಯಾ.

"ನೆರಳ ನೀ ತಗೋ. ನನಗ ನಟ್ಟನಡುವಿನ ಸಾಲ ಕೊಡು, ಈಗ ನಾ ಬೀಳೂದಿಲ್ಲ."

ಮಾಯಾ ಕೊಟ್ಟಳು. ಮಾವಶಿ ಕಸ ತೆಗೆಯುವ ಕುರ್ಪಿ ಹಿಡಿದು ಕಬ್ಬಿನೊಳಗೆ ಹೋದಳು. ಪ್ರಶ್ನೆ ಕೇಳುತ್ತ ನಾನೂ ಸರೂ ಅವಳ ಹಿಂದೆ ಬಗ್ಗಿ ನಡೆದೆವು.