ಜೂನ್ ಒಂದರ ಮಕ್ಕಳು

ಎಂಬತ್ತೊಂಬತ್ತರಲ್ಲಿ ಭಾಂಡುಪಿನ ನಮ್ಮ ಕಾರ್ಖಾನೆ ಐವತ್ತೈದು ತುಂಬಿದವರನ್ನೆಲ್ಲ ಮನೆಗೆ ಕಳಿಸಲು ತೀರ್ಮಾನಿಸಿತು. ಯಾವ ದಿನಕ್ಕೆ ತುಂಬಿರಬೇಕು ಎನ್ನುವುದಷ್ಟೇ ಬಾಕಿ. ಆ ಲೆಕ್ಕ ಕಂಪನಿಯ ಫೋರ್ಟಿನ ಆಫೀಸಿನಲ್ಲಿದ್ದ ನನ್ನ ಕಂಪ್ಯೂಟರಿಗೆ ಬಂತು. ಅಪ್ಪ ಅದೇ ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಅವರ ಕೆಲಸ ಹೋದರೆ ಕಂಪನಿ ಕಾಲೊನಿಯ ಮನೆಯೂ ಹೋಗುತ್ತದೆ.

ಪ್ರೋಗ್ರಾಮಿನಲ್ಲಿ ಆ ಕೊನೆಯ ದಿನಾಂಕಕ್ಕೆ ನಾನು 'ಗಡಿ' ಎಂದು ಹೆಸರಿಟ್ಟೆ. ಗಡಿಯೊಂದನ್ನು ಬದಲಿಸಿದರೆ ಸಾಕು, ಅಷ್ಟರೊಳಗೆ ಐವತ್ತೈದು ತುಂಬಿದವರನ್ನು ಯಂತ್ರ ತಾನೇ ಎಣಿಸುತ್ತಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮ್ಯಾನೇಜರ್ ರಮಾನಾಥ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಮೇ ಮೂವತ್ತೊಂದು ಹಾಕಿದೆ. ಮೇಲಿನವರು ಕೇಳಿದಷ್ಟು ತಲೆ ಸಿಗಲಿಲ್ಲ.

"ಒಂದ್ ದಿನ ಮುಂದೆ ಹಾಕಿ ನೋಡಿ."

ಎಣಿಕೆ ಒಮ್ಮೆಲೇ ಜಿಗಿಯಿತು.

"ಅರೆ, ಇಷ್ಟೊಂದ್ ಜನ ಒಂದೇ ದಿನ ಹುಟ್ತಾರಾ? ಏನೋ ಗಡ್‌ಬಡ್ ಇದೆ."

"ಗಡ್‌ಬಡ್ ಇಲ್ಲ ಸರ್. ಹಳ್ಳೀಲಿ ಹುಟ್ಟಿದ ತಾರೀಕು ಯಾರಿಗ್ ಗೊತ್ತಿರುತ್ತೆ? ಸ್ಕೂಲಿಗೆ ಸೇರಿಸ್ಕೊಳ್ಳೋವಾಗ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಅಂತ ಬರೀತಿದ್ರು. ನಮ್ಮಪ್ಪನೂ ಅದರಲ್ಲೇ ಇದ್ದಾರೆ."

ಅವರು ನನ್ನ ಮುಖ ನೋಡಲಿಲ್ಲ. "ಹೆಸರು ಬೇಡ ಶಾಮಲಾ, ಎಣಿಕೆ ಸಾಕು. ಜೂನ್ ಒಂದೇ ಇರ್ಲಿ."

ಗಡಿ ಹಾಗೇ ಉಳಿಯಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಪ್ರಿಂಟರ್ ಕಿರ್ರೆನ್ನುತ್ತಿರುವಾಗ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದೆ. ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಂಥ ದಿನವೇ ಸಿಗಬೇಕೆ?

ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ವಿಷಯ ಹೇಳಿದೆ. ಅಮ್ಮನ ಕೈ ನಿಂತಿತು, ಅಪ್ಪನದು ನಿಲ್ಲಲಿಲ್ಲ.

"ನಿಜವಾಗಿ ನೀವು ಹುಟ್ಟಿದ್ದು ಯಾವಾಗಪ್ಪ?"

"ನೀರು ತುಂಬೋ ಹಬ್ಬದ ದಿನ ಅಂತ ನಿಮ್ಮಜ್ಜಿ ಹೇಳೋರು. ಸ್ಕೂಲಿಗೆ ವಯಸ್ಸು ಸಾಲದು ಅಂತ ಮೇಷ್ಟ್ರು ತಾರೀಕನ್ನ ಹಿಂದಕ್ಕೆ ಜೂನ್‌ಗೆ ಎಳೆದ್ರು. ಪುಣ್ಯಾತ್ಮ, ಓದಿನಲ್ಲಿ ನನಗೊಂದು ವರ್ಷ ಉಳಿಸಿದ."

ಮೇಷ್ಟ್ರು ದೀಪಾವಳಿಯನ್ನೇ ಬರೆದಿದ್ದರೆ ಅಪ್ಪ ಗಡಿಯ ಆಚೆ ಉಳಿಯುತ್ತಿದ್ದರು.

ಆ ವರ್ಷದ ದೀಪಾವಳಿ ಹೊತ್ತಿಗೆ ನಾವು ಕಾಲೊನಿ ಬಿಟ್ಟು ಚಾಳಿನ ಒಂದೇ ಕೋಣೆಗೆ ಬಂದಿದ್ದೆವು. ನೀರು ತುಂಬುವ ಹಬ್ಬದ ದಿನ ಅಪ್ಪ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತು ನೀರು ತಂದು ಹಂಡೆ ತುಂಬಿಸಿದರು. ಅಮ್ಮ ಹಂಡೆಗೆ ಅರಿಶಿನ ಕುಂಕುಮ ಇಟ್ಟಳು. ಅಪ್ಪ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಇವತ್ತಿಗೆ ಐವತ್ತೈದು ತುಂಬ್ತು ಕಣಮ್ಮ. ಈಗ ಎಣಿಸ್ಕೋ."