ಸ್ವೆಟರಿನ ಅರ್ಧ ತೋಳು

ಜರ್ಮನಿಯ ಡೆಸ್ಸಾವಿನ ಮನೆಯಿಂದ ಲೋಟಾರನನ್ನು ರಷ್ಯಾದ ವೋಲ್ಗಾ ದಂಡೆಯ ವಿಮಾನ ಕಾರ್ಖಾನೆಗೆ ಸಾಗಿಸಿದ ದಿನ ಸೋವಿಯತ್ ಸೈನಿಕರು ಏನನ್ನೂ ಬಿಡಲಿಲ್ಲ. ಪರದೆ, ಕಲ್ಲಿದ್ದಲ ಬುಟ್ಟಿ, ಒಲೆಯ ಮೇಲಿದ್ದ ಸೂಪಿನ ಪಾತ್ರೆ, ಎಲ್ಲವೂ ರೈಲು ಹತ್ತಿದವು. ಹತ್ತದೆ ಉಳಿದವಳು ಹೆಂಡತಿ ಒಟ್ಟಿಲೀ. ಅವಳು ತಂಗಿಯ ಬಾಣಂತನಕ್ಕೆಂದು ಹತ್ತಿರದ ಹಾಲೆ ಪಟ್ಟಣಕ್ಕೆ ಹೋಗಿದ್ದಳು. ಅವಳ ಬದಲಾಗಿ ಬಂದದ್ದು ಅವಳು ಗಂಡನಿಗಾಗಿ ಹೆಣೆಯುತ್ತಿದ್ದ ಕಡುನೀಲಿ ಸ್ವೆಟರು. ಮೈಯಾಗಿತ್ತು, ಒಂದು ತೋಳಾಗಿತ್ತು. ಇನ್ನೊಂದು ತೋಳು ಮಣಿಕಟ್ಟಿನಿಂದ ಮೊಣಕೈವರೆಗೆ ಬಂದು ಸೂಜಿಯ ಮೇಲೆಯೇ ನಿಂತಿತ್ತು.

ಜರ್ಮನಿ ಸೋತಿತ್ತು, ಅದರ ಜೆಟ್ ವಿಮಾನ ಸೋತಿರಲಿಲ್ಲ; ಅದನ್ನೂ ಇಲ್ಲಿಗೇ ತಂದಿದ್ದರು. ಅದರ ರೆಕ್ಕೆಗಳು ಮುಂದಕ್ಕೆ ಬಾಗಿದ್ದವು. ಯಾರೋ ತಿರುಗುಮುರುಗಾಗಿ ಜೋಡಿಸಿದ್ದಾರೆಂದು ಕಾವಲುಗಾರರು ನಗುತ್ತಿದ್ದರು. ಆ ರೆಕ್ಕೆಯ ಲೆಕ್ಕ ಲೋಟಾರನದು. ವಿಮಾನ ನೆಟ್ಟಗೆ ಹಾರಲಿ, ಜರ್ಮನ್ನರೆಲ್ಲರನ್ನೂ ಊರಿಗೆ ಕಳಿಸುತ್ತೇವೆ ಎಂದು ಕಾರ್ಖಾನೆಯ ಮುಖ್ಯಸ್ಥರು ಮಾತು ಕೊಟ್ಟಿದ್ದರು. ಆದರೆ ವೇಗ ಇಳಿಸಿದೊಡನೆ ಅದು ಜ್ವರ ಬಂದಂತೆ ನಡುಗುತ್ತಿತ್ತು.

ಕಾರಣ ಹುಡುಕುವ ದಾರಿ ಹಳೆಯದೇ. ರೆಕ್ಕೆಯ ಮಾದರಿಯ ಮೇಲೆ ಉಣ್ಣೆಯ ಗಿಡ್ಡ ಎಳೆಗಳನ್ನು ಅಂಟಿಸಿ, ಗಾಳಿ ಸುರಂಗದಲ್ಲಿಟ್ಟು ಗಾಳಿ ಬಿಡುವುದು. ಗಾಳಿ ಮೈಗಂಟಿ ಹರಿದರೆ ಎಳೆ ಮಲಗುತ್ತದೆ, ಮೈ ಬಿಟ್ಟರೆ ಒದ್ದಾಡುತ್ತದೆ. ಉಗ್ರಾಣದ ಉಣ್ಣೆಯ ಎಳೆಗಳು ಏನು ಮಾಡಿದರೂ ಮಲಗಿಯೇ ಇದ್ದವು. ಅವನ್ನು ಅಂಟಿಸುತ್ತಿದ್ದ ವಿಧವೆ ಜಿನಾಯಿದಾ ಸುರಂಗದ ಕಿಟಕಿಗೆ ಮುಖವಿಟ್ಟು ನೋಡಿದಳು.

"ಇದು ಸೈನಿಕರ ಕಾಲುಚೀಲದ ಉಣ್ಣೆ, ಲೋಟಾರ್ ಅವ್ಗುಸ್ತೊವಿಚ್. ಅಪ್ಪಣೆ ಇಲ್ದೆ ಅಲ್ಲಾಡಲ್ಲ," ಎಂದಳು. ಅಪ್ಪನ ಹೆಸರು ಸೇರಿಸಿ ಕರೆಯುವ ರಷ್ಯನ್ನರ ಮರ್ಯಾದೆಗೆ ಅವನು ಒಗ್ಗಿಹೋಗಿದ್ದ.

ಮೆತ್ತನೆಯ, ಸಣ್ಣ ನೂಲಿನ ಉಣ್ಣೆ ಬೇಕಿತ್ತು. ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಒಂದು ವಾರ ಗೊತ್ತಿಲ್ಲದವನಂತೆ ಓಡಾಡಿ, ಕೊನೆಗೆ ಅರ್ಧ ತೋಳನ್ನು ಕಾಗದದಲ್ಲಿ ಸುತ್ತಿ ತಂದ. ಸೂಜಿಯ ಕಡೆ ಬೇಡ, ಮಣಿಕಟ್ಟಿನ ಕಡೆಯಿಂದ ಬಿಚ್ಚಿರಿ ಎಂದ.

"ಹಾಗೆ ಬಿಚ್ಚಕ್ಕಾಗಲ್ಲ," ಎಂದಳು ಜಿನಾಯಿದಾ. "ಹೆಣೆದೋರು ಎಲ್ಲಿ ಬಿಟ್ರೋ ಅಲ್ಲಿಂದ್ಲೇ ಬಿಚ್ಕೊಂಡು ಬರ್ಬೇಕು."

ಅಂದರೆ ಒಟ್ಟಿಲೀ ಹಾಕಿದ ಕೊನೆಯ ಹೆಣಿಗೆಯೇ ಮೊದಲು ಹೋಗಬೇಕು. ಗಾಳಿಯ ಬಗ್ಗೆ ಇಷ್ಟೆಲ್ಲ ಬಲ್ಲ ತನಗೆ ಇದು ತಿಳಿದಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಸೂಜಿಯನ್ನು ಅವನೇ ಎಳೆದ. ಎಳೆದು, ಸಂಬಂಧವಿಲ್ಲದವನಂತೆ ಒತ್ತಡದ ಮಾಪಕದ ಕಡೆ ತಿರುಗಿ ನಿಂತ.

ನೀಲಿ ಎಳೆಗಳು ಸುಳ್ಳು ಹೇಳಲಿಲ್ಲ. ಆ ಸುರಂಗದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿತ್ತು. ರೆಕ್ಕೆ ವಿಮಾನದ ಒಡಲಿಗೆ ಸೇರುವ ಮೂಲೆಯಲ್ಲಿ ಎಳೆಗಳು ಮೊದಲು ತಡವರಿಸಿದವು, ಆಮೇಲೆ ಎದ್ದು, ಅಷ್ಟೂ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ತಿರುಗಿ ನಿಂತವು. ಗಾಳಿಯ ಹರಿವು ಮುರಿದು ಹಿಮ್ಮೊಗವಾಗಿದೆ ಎಂದು ಲೋಟಾರ್ ಬರೆದುಕೊಂಡ. ಬರೆದ ಮೇಲೂ ಕಿಟಕಿ ಬಿಟ್ಟು ಬರಲಿಲ್ಲ. ಡೆಸ್ಸಾವು ಇದ್ದದ್ದು ಅದೇ ದಿಕ್ಕಿನಲ್ಲಿ.

ಆ ಮೂಲೆಯನ್ನು ತುಂಬಿ ನುಣುಪು ಮಾಡಿಸಿದ. ಮೇ ತಿಂಗಳಲ್ಲಿ ವಿಮಾನ ನಡುಗದೆ ಇಳಿಯಿತು. ಮುಖ್ಯಸ್ಥರು ವೋಡ್ಕಾ ಕುಡಿಸಿದರು, ತಮ್ಮ ಪದ್ಧತಿಯಂತೆ ಕೆನ್ನೆಗೆ ಮೂರು ಸಲ ಮುತ್ತಿಟ್ಟರು, ಇಷ್ಟು ಒಳ್ಳೆಯ ಕೆಲಸಗಾರನನ್ನು ಕಳಿಸಿಕೊಡುವ ಮೂರ್ಖ ಯಾರಿದ್ದಾನೆ ಎಂದು ಮನಸಾರೆ ಹೊಗಳಿ, ಹೊಸ ವಿಮಾನದ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ರೆಕ್ಕೆ ಈ ಸಲ ಹಿಂದಕ್ಕೆ ಬಾಗಿತ್ತು.

ಸಂಜೆ ಅವನು ಸುರಂಗದ ಕೋಣೆಗೆ ಬಂದಾಗ ಜಿನಾಯಿದಾ ಮಾದರಿಯನ್ನು ಒರೆಸುತ್ತಿದ್ದಳು. ಅವನ ಮುಖ ನೋಡಿ ಬಟ್ಟೆ ಕೆಳಗಿಟ್ಟಳು. ಖಾನೆಯಿಂದ ಒಂದು ಪೊಟ್ಟಣ ತೆಗೆದಿಟ್ಟಳು. ಉಳಿದ ನೂಲಿನ ಉಂಡೆ, ಬಿಚ್ಚದೆ ಉಳಿಸಿದ ಮಣಿಕಟ್ಟಿನ ಪಟ್ಟಿ; ಅದು ಬಿಚ್ಚಿಹೋಗದಂತೆ ಸೂಜಿಯನ್ನು ಮತ್ತೆ ಪೋಣಿಸಿಟ್ಟಿದ್ದಳು.

ಲೋಟಾರ್ ಕೂತು ಸೂಜಿಯನ್ನು ಕೈಗೆತ್ತಿಕೊಂಡ.

"ಹೆಣೆಯೋದು ಕಷ್ಟಾನಾ?"

"ನಿಮ್ಮ ವಿಮಾನಕ್ಕಿಂತ ಕಷ್ಟ. ಅಲ್ಲಲ್ಲ, ಸೂಜಿ ಹಿಡಿಯೋದು ಹಾಗಲ್ಲ. ಪೆನ್ಸಿಲ್ ಅಂದ್ಕೊಂಡ್ರಾ?"

ಮೊದಲ ಸಾಲು ಸೊಟ್ಟಗಾಯಿತು, ಎರಡನೆಯದರಲ್ಲಿ ತೂತು ಬಿತ್ತು. ಬಿಚ್ಚಿ ಇನ್ನೊಮ್ಮೆ ಹಾಕಿ ಎಂದಳು ಅವಳು.

"ಇರ್ಲಿ ಬಿಡಿ," ಎಂದ ಲೋಟಾರ್. "ಒಟ್ಟಿಲೀ ನೋಡಿ ಬೈದು, ಅವಳೇ ಬಿಚ್ಚಲಿ."

ಅವನು ಮೂರನೆಯ ಸಾಲು ಹಾಕತೊಡಗಿದ.