ತಣಿಸಿದ ಸೂಜಿ

ಹಾನುಬಾಳಿನ ಸುತ್ತಮುತ್ತ ಸೊಂಟ ಹಿಡಿದವರು, ಹೆಗಲು ಬಿಗಿದವರು, ಕತ್ತು ತಿರುಗಿಸಲಾಗದವರು ಎಲ್ಲರೂ ಬಂದು ಕೂರುತ್ತಿದ್ದದ್ದು ಲಿಂಗಪ್ಪನ ಜಗಲಿಯ ಮೇಲೆ. ನರ ಹುಡುಕಿ ಸೂಜಿ ಚುಚ್ಚಿ ನೋವು ಇಳಿಸುವುದು ಅವನಿಗೆ ಅಪ್ಪನಿಂದ ಬಂದ ವಿದ್ಯೆ. ನೋವು ಸೂಜಿಗೆ ಇಳಿಯುತ್ತಿತ್ತೋ, ಲಿಂಗಪ್ಪನ ಮೀಸೆ ಕಂಡು ಓಡುತ್ತಿತ್ತೋ, ಅಂತೂ ಕುಂಟುತ್ತ ಬಂದವರು ನೆಟ್ಟಗೆ ನಡೆದುಹೋಗುತ್ತಿದ್ದರು. ಹೆಂಡತಿ ಬಸಮ್ಮನಿಗೂ ಗಂಡನ ಕೈಗುಣದ ಬಗ್ಗೆ ಹೆಮ್ಮೆಯೇ ಇತ್ತು.

ಒಂದು ದಿನ ಎಸ್ಟೇಟಿನ ಡಾಕ್ಟರು ಜೀಪು ನಿಲ್ಲಿಸಿ ಜಗಲಿ ಹತ್ತಿದರು. ಚುಚ್ಚಿದ ಜಾಗದಲ್ಲಿ ಕೀವು ತುಂಬಿಕೊಂಡು ಬರುವ ಆಳುಗಳನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. "ಒಬ್ಬರಿಗೆ ಚುಚ್ಚಿದ ಸೂಜಿ ಕುದಿಸದೆ ಇನ್ನೊಬ್ಬರಿಗೆ ಚುಚ್ಚಿದರೆ ಪೊಲೀಸರನ್ನ ಕರೆಸ್ತೀನಿ" ಎಂದು ಗದರಿ ಹೋದರು. ಮಾರನೆಯ ದಿನದಿಂದ ಕುದಿಸುವ ಕೆಲಸ ಬಸಮ್ಮನ ಪಾಲಿಗೆ ಬಂತು. ಅವಳು ಅದನ್ನು ಅಡಿಗೆಯಷ್ಟೇ ನಿಷ್ಠೆಯಿಂದ ಮಾಡಿದಳು.

ಆದರೆ ಜನಕ್ಕೆ ಸಮಾಧಾನವಿಲ್ಲ. "ಕುದ್ದ ಸೂಜಿ ಉಷ್ಣ ಕಣೋ ಲಿಂಗಪ್ಪ, ಮೈಗೆ ಇಳಿದ್ರೆ ಗತಿ ಏನು ಮಾರಾಯ?" ಎಂದು ಪಕ್ಕದ ಮನೆಯ ಸುಬ್ಬಯ್ಯ ರಾಗ ಎಳೆದ. ಲಿಂಗಪ್ಪನ ತಲೆ ಚುರುಕಾಯಿತು. ಗುಡಿಯ ಬಾವಿ ನೀರು ತಂದು, ವಿಭೂತಿ ಕದಡಿ, ತಾಮ್ರದ ಬೋಗುಣಿಯಲ್ಲಿ ತುಂಬಿ ಜಗಲಿಯ ಮೇಲಿಟ್ಟ. ಕುದ್ದ ಸೂಜಿಯನ್ನು ಆ ತೀರ್ಥದಲ್ಲಿ ಅದ್ದಿ ತಣಿಸಿ ಚುಚ್ಚತೊಡಗಿದ. ಡಾಕ್ಟರ ಮಾತೂ ನಡೆಯಿತು, ಊರಿನ ಮಾತೂ ನಡೆಯಿತು. ಬಂದವರೆಲ್ಲ ಅದೇ ಬೋಗುಣಿಗೆ ಕೈ ಅದ್ದಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು.

ಒಂದು ಬೆಳಿಗ್ಗೆ ಮೂಟೆ ಹೊರುವವನೊಬ್ಬ ಉಗುರುಸುತ್ತಾಗಿ ಕೀವು ಸೋರುತ್ತಿದ್ದ ಬೆರಳನ್ನು ಭಕ್ತಿಯಿಂದ ಅದರಲ್ಲಿ ಅದ್ದಿದ. ಬಾಗಿಲಲ್ಲಿ ನಿಂತಿದ್ದ ಬಸಮ್ಮ ಅದನ್ನು ಕಂಡು ಹೊರಗೆ ಬಂದಳು.

"ಆ ನೀರು ಚೆಲ್ಲಿ ಬೇರೆ ತರ್ತೀನಿ ಕಣ್ರೀ. ಆ ಬೆರಳು ನೋಡಿ, ಕೀವು ಸೋರ್ತಾ ಐತೆ."

"ತೀರ್ಥಕ್ಕೆ ಕೀವು ಹತ್ತುತ್ತೇನೇ? ದೇವರನ್ನೇ ತೊಳೆಯಕ್ಕೆ ಬಂದವಳು ನೀನು! ಒಳಕ್ಕೋಗು."

ಜಗಲಿಯಲ್ಲಿದ್ದವರು ನಕ್ಕರು. ಬಸಮ್ಮ ಒಳಗೆ ಹೋದಳು. ನಾಲ್ಕು ಜನರೆದುರು ಗಂಡನಿಗೆ ಎದುರಾಡುವ ಗಯ್ಯಾಳಿ ಅಲ್ಲ ಅವಳು. ಆಗಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಅವಳ ತಂಗಿ ಪಂಕಜಾಕ್ಷಿ ಬಂದಳು. ಗಂಡ ಸತ್ತ ಮೇಲೆ ಎಸ್ಟೇಟ್ ಸ್ಟೋರಿನಲ್ಲಿ ಮೊರ ಹಿಡಿದು ಕಾಫಿ ಬೀಜ ಕೇರಿ ಹೊಟ್ಟೆ ಹೊರೆಯುತ್ತಿದ್ದವಳು. ಬಲ ಹೆಗಲು ಹಿಡಿದುಕೊಂಡಿತ್ತು.

"ಇವತ್ತು ಬ್ಯಾಡ ಕಣೇ, ನಾಳೆ ಚುಚ್ಚಿಸ್ಕೊ" ಎಂದಳು ಬಸಮ್ಮ.

"ನಾಳೆ ಕೂಲಿ ಬುಡಕ್ಕಾಯ್ತದಾ ಅಕ್ಕ?" ಎಂದು ತಂಗಿ ನಕ್ಕು ಕುಳಿತೇಬಿಟ್ಟಳು. ಲಿಂಗಪ್ಪ ಹೆಂಡತಿಯ ಕಡೆ ಕಣ್ಣು ಕೆಕ್ಕರಿಸಿದ. ಬಸಮ್ಮ ಬೋಗುಣಿಯ ಮಾತು ಎತ್ತದೆ ಕುದ್ದ ಸೂಜಿ ತಂದುಕೊಟ್ಟಳು, ಅವನು ಅದನ್ನು ಅದೇ ನೀರಿಗೆ ಅದ್ದಿ ಚುಚ್ಚಿದ.

ಎರಡೇ ದಿನದಲ್ಲಿ ಪಂಕಜಾಕ್ಷಿಯ ತೋಳು ಬಾತು ಕೆಂಪಗಾಯಿತು, ಆಮೇಲೆ ಕಪ್ಪಗಾಯಿತು. ಲಿಂಗಪ್ಪ ಸೊಪ್ಪು ಅರೆದು ಮೆತ್ತುತ್ತ ಕಾಲ ಕಳೆದ. ಕೊನೆಗೆ ಬಸಮ್ಮನೇ ಜ್ವರದಲ್ಲಿ ಬಡಬಡಿಸುತ್ತಿದ್ದ ತಂಗಿಯನ್ನು ಬಸ್ಸಿಗೆ ಹತ್ತಿಸಿ ಸಕಲೇಶಪುರಕ್ಕೆ ಒಯ್ದಳು. ಅಲ್ಲಿಂದ ಹಾಸನಕ್ಕೆ ಕಳಿಸಿದರು. ಜೀವ ಉಳಿಸಲು ಬಲಗೈಯನ್ನು ಹೆಗಲ ಬುಡಕ್ಕೆ ಕತ್ತರಿಸಬೇಕಾಯಿತು.

ಅವರು ವಾಪಸ್ಸು ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಕುದಿಸಿದ್ದಕ್ಕೇ ಉಷ್ಣ ಏರಿತಂತೆ. "ಡಾಕ್ಟರ ಮಾತು ಕಟ್ಕೊಂಡು ನನ್ ಹೆಂಡ್ತಿ ಅತಿಯಾಗಿ ಕುದಿಸ್ಬುಟ್ಳು" ಎಂದು ಲಿಂಗಪ್ಪ ನಾಚಿಕೆಯಿಲ್ಲದೆ ಹೇಳಿಕೊಂಡು ತಿರುಗಿದ. ಕೀವಿನ ಬೆರಳು ಅದ್ದಿದವನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಒಲೆ ಹಚ್ಚಿದವಳನ್ನು ಊರೆಲ್ಲ ಅಂದಿತು. ಬಸಮ್ಮ ಎಷ್ಟು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಸೂಜಿ ಕುದಿಸುವುದು ನಿಂತಿತು, ಜಗಲಿಯಲ್ಲಿ ಜನ ಮೊದಲಿಗಿಂತ ಹೆಚ್ಚಾದರು.

ಮುಂದಿನ ಕೊಯ್ಲಿನ ಹೊತ್ತಿಗೆ ಪಂಕಜಾಕ್ಷಿ ಮತ್ತೆ ಬಂದಳು. ಸ್ಟೋರಿನಲ್ಲಿ ಕೂತು ಒಂದೇ ಕೈಯಲ್ಲಿ ಬೀಜ ಆರಿಸಿ ಆರಿಸಿ ಎಡಗೈಯೂ ಹಿಡಿದುಕೊಂಡಿತ್ತು. ಅಕ್ಕನ ಮುಖ ಸಹ ನೋಡದೆ ಜಗಲಿಯಲ್ಲಿ ಕುಳಿತಳು.

"ಚುಚ್ಚಿ ಭಾವ. ಅಕ್ಕ ಮಾತ್ರ ಸೂಜಿ ಮುಟ್ಟದು ಬ್ಯಾಡ. ಅವಳು ಮುಟ್ಟಿದ್ದಕ್ಕೇ ನನ್ ಕೈ ಹೋಯ್ತು."

ಬಸಮ್ಮನಿಗೆ ಗಂಡನ ಮೇಲೆ ಬಂದ ಸಿಟ್ಟು, ತಂಗಿಯ ಮೇಲಿನ ಸಂಕಟ, ತನ್ನ ಮೇಲಿನ ಅಸಹ್ಯ ಒಟ್ಟಿಗೇ ಉಕ್ಕಿದವು. ಲಿಂಗಪ್ಪ ಆಗಲೇ ಸುಬ್ಬಯ್ಯನ ಬೆನ್ನಿಂದ ಕಿತ್ತ ಸೂಜಿಯನ್ನು ಬೋಗುಣಿಗೆ ಅದ್ದುತ್ತಿದ್ದ. ಅವಳು ಜನರ ನಡುವೆಯೇ ನುಗ್ಗಿ ತಂಗಿಯ ಎಡಗೈ ಹಿಡಿದಳು.

"ಏಳೇ ಮೇಲಕ್ಕೆ!"

"ಬುಡೇ! ಒಂದು ಕೈ ತಿಂದಿದ್ದು ಸಾಲ್ದಾ ನಿಂಗೆ?"

ಲಿಂಗಪ್ಪ ಕೂಗಿದ, ಸುಬ್ಬಯ್ಯ ಅಡ್ಡ ಬಂದ. ಬಸಮ್ಮ ಯಾರಿಗೂ ಸೊಪ್ಪು ಹಾಕಲಿಲ್ಲ. ಅಳುತ್ತ, ಬೈಯುತ್ತ, ನೆಲಕ್ಕೆ ಕಾಲು ಒತ್ತಿ ನಿಲ್ಲುತ್ತಿದ್ದ ತಂಗಿಯನ್ನು ಜಗಲಿಯಿಂದಿಳಿಸಿ ಬಸ್ಸು ನಿಲ್ಲುವ ಕಡೆಗೆ ದರದರ ಎಳೆದುಕೊಂಡು ಹೋದಳು. ಬಿಡಿಸಿಕೊಳ್ಳಲು ಪಂಕಜಾಕ್ಷಿಗೆ ಇನ್ನೊಂದು ಕೈ ಇರಲಿಲ್ಲ.